ಇ-ರೀಡರ್‌ಗೆ ಕನ್ನಡದ ಓದನ್ನು ತಾನಾಗಿ ತರಿಸಿಕೊಳ್ಳುವುದು: ಕ್ಯಾಲಿಬರ್ ಮತ್ತು ಜೊತೆಯ ಸೇವೆಗಳು

ಇ-ರೀಡರ್ ಇರುವವರಲ್ಲಿ ಹೆಚ್ಚಿನವರು ಅದನ್ನು ಕೊಂಡ ಪುಸ್ತಕಗಳಿಗಷ್ಟೇ ಬಳಸುತ್ತಾರೆ. ಆದರೆ ಅಂತರ್ಜಾಲದ ಲೇಖನಗಳು ನಾವು ಕೈಯಿಕ್ಕದೆಯೇ ಬೆಳಗಾಗುವಷ್ಟರಲ್ಲಿ ಅದರೊಳಗೆ ಬಂದು ಸೇರುವಂತೆ ಮಾಡುವ ಸಲಕರಣೆಗಳು ಬಹಳ ಕಾಲದಿಂದ ಇವೆ. ದಿನವೂ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುವ ನನಗೆ ಓದಲು ಸಿಗುವ ಒಳ್ಳೆಯ ಹೊತ್ತು ಅದೇ ಆದ್ದರಿಂದ, ಇವುಗಳಲ್ಲಿ ಕನ್ನಡದ ಓದಿಗೆ ನಿಜವಾಗಿ ಒದಗುವುದು ಯಾವುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುಲಭದ ದಾರಿ ಐಎಫ್‌ಟಿಟಿಟಿ (ಒಂದು ಸೇವೆಯನ್ನು ಇನ್ನೊಂದಕ್ಕೆ ತಾನಾಗಿ ಜೋಡಿಸುವ ಸೇವೆ) ಮತ್ತು ಇನ್‌ಸ್ಟಾಪೇಪರ್ (ಆಮೇಲೆ ಓದಲೆಂದು ಲೇಖನಗಳನ್ನು ಕೂಡಿಡುವ ಸೇವೆ) ಎಂಬೆರಡರ ಜೋಡಿ. ಒಂದು ತಾಣದ ಆರ್‌ಎಸ್‌ಎಸ್ ಫೀಡ್‌ನಲ್ಲಿ, ಅಂದರೆ ಹೊಸ ಬರಹಗಳನ್ನು ತಂತ್ರಾಂಶಗಳು ಓದಬಲ್ಲಂತೆ ತಾಣ ಕೊಡುವ ಪಟ್ಟಿಯಲ್ಲಿ, ಹೊಸ ಲೇಖನ ಕಂಡೊಡನೆ ಮೊದಲನೆಯದು ಅದನ್ನು ಎರಡನೆಯದಕ್ಕೆ ದಾಟಿಸುತ್ತದೆ. ಎರಡನೆಯದು ಅವನ್ನೆಲ್ಲ ಒಟ್ಟುಗೂಡಿಸಿ ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್‌ಗೆ ಕಳುಹಿಸುತ್ತದೆ. ಇಂಗ್ಲಿಷ್ ಓದಿಗೆ ಇಷ್ಟು ಸಾಕು. ಆದರೆ ಉಚಿತ ಖಾತೆಯ ಮಿತಿಗಳು ಬಿಗಿಯಾಗಿವೆ, ಮತ್ತು ಇಂಥ ಸೇವೆಗಳು ಎಂದು ಬಾಗಿಲು ಹಾಕುತ್ತವೆಯೆಂದು ಹೇಳಲಾಗದು: ಇದೇ ಬಗೆಯ ಪಾಕೆಟ್ ಸೇವೆಯನ್ನು ಮೊಝಿಲ್ಲಾ 2025ರ ಜುಲೈನಲ್ಲಿ ನಿಲ್ಲಿಸಿತು.

ಆದ್ದರಿಂದ ನನ್ನ ಒಲವು ಕ್ಯಾಲಿಬರ್ ಕಡೆಗೆ. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ ನಮ್ಮದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಶುಲ್ಕವಿಲ್ಲ. ಸುದ್ದಿ ತರಿಸುವ ವಿಭಾಗದಲ್ಲಿ ನಮಗೆ ಬೇಕಾದ ಫೀಡ್‌ನ ವಿಳಾಸ ಕೊಟ್ಟು ದಿನ, ಗಂಟೆ ಗೊತ್ತುಮಾಡಿದರೆ ಲೇಖನಗಳನ್ನು ಹೆಕ್ಕಿ ಪರಿವಿಡಿಯೊಡನೆ ಒಂದು ಸಂಚಿಕೆಯಾಗಿ ಕಟ್ಟಿಕೊಡುತ್ತದೆ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಕನ್ನಡ ತಾಣಗಳ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಸೇರಿಸಿದರೆ ಸಾಮಾನ್ಯವಾಗಿ ಫೀಡ್ ಸಿಗುತ್ತದೆ. ಕಂಪ್ಯೂಟರ್ ಚಾಲೂ ಇರಬೇಕೆಂಬುದೊಂದೇ ಇದರ ದೊಡ್ಡ ಕೊರತೆ. ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋದರೆ ಬೆಳಗಿನ ಸಂಚಿಕೆ ಇಲ್ಲ. ಜಿಮೇಲ್ ಮೂಲಕ ಕಿಂಡಲ್‌ಗೆ ಕಳುಹಿಸುವವರು ಮಾಮೂಲಿ ಪಾಸ್‌ವರ್ಡ್ ಬದಲು ಇಂಥ ತಂತ್ರಾಂಶಗಳಿಗೆಂದೇ ಗೂಗಲ್ ಕೊಡುವ ‘ಆಪ್ ಪಾಸ್‌ವರ್ಡ್’ ಪಡೆಯಬೇಕು, ಮತ್ತು ಕಳುಹಿಸುವ ವಿಳಾಸವನ್ನು ಅಮೆಜಾನ್ ಖಾತೆಯ ಅನುಮೋದಿತ ಪಟ್ಟಿಗೆ ಸೇರಿಸಿರಬೇಕು.

ಇಷ್ಟಾದ ಮೇಲೂ ಕನ್ನಡದ ತೊಡಕು ಉಳಿಯುತ್ತದೆ. ಕನ್ನಡ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಫಾಂಟ್ ಇದ್ದು ಅಕ್ಷರ ಜೋಡಣೆಯ ತಂತ್ರಾಂಶ ಸರಿಯಿಲ್ಲದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಹಾಗಾಗಿ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಕರ್ನಾಟಕ’ ಎಂಬ ಪದಗಳಿರುವ ಒಂದು ಪುಟವನ್ನು ಮೊದಲು ಕಳುಹಿಸಿ ನೋಡಬೇಕು. ಮೂರು ವ್ಯಂಜನಗಳ ಒತ್ತೂ ಅರ್ಕಾವತ್ತೂ ತಮ್ಮ ತಮ್ಮ ಜಾಗದಲ್ಲಿ ಕುಳಿತರೆ ಮುಂದಿನ ಕೆಲಸಕ್ಕೆ ಅರ್ಥವಿದೆ. ಚೌಕಗಳ ತೊಂದರೆಗೆ ಪರಿಹಾರವೆಂದರೆ ನೋಟೋ ಸೆರಿಫ್ ಕನ್ನಡದಂಥ ಉಚಿತ ಫಾಂಟನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಇಪಬ್ ಎಂಬ ಇ-ಪುಸ್ತಕ ಮಾದರಿಯ ಕಡತದೊಳಗೇ ಅದನ್ನು ಅಡಕಗೊಳಿಸುವುದು. ಕ್ಯಾಲಿಬರ್ ಜೊತೆಗೇ ಬರುವ ‘ಎಬುಕ್-ಕನ್ವರ್ಟ್’ ಆಜ್ಞೆ ಲೇಖನಗಳನ್ನು ತಂದು ಫಾಂಟ್ ಸೇರಿಸುತ್ತದೆ, ‘ಕ್ಯಾಲಿಬರ್-ಎಸ್‌ಎಂಟಿಪಿ’ ಅದನ್ನು ಮಿಂಚಂಚೆಯಲ್ಲಿ ಕಳುಹಿಸುತ್ತದೆ. ಇವೆರಡನ್ನೂ ಕಂಪ್ಯೂಟರಿನ ವೇಳಾಪಟ್ಟಿಗೆ ಸೇರಿಸಿದರೆ ದಿನದಿನದ ಶ್ರಮ ತಪ್ಪುತ್ತದೆ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಲು ಹಿಂಜರಿಯುವವರಿಗೆ ಇದು ಕಷ್ಟವೆನಿಸೀತು, ಆದರೂ ಒಂದು ಸಂಜೆಯನ್ನು ಇದಕ್ಕೆ ಕೊಡುವುದು ಖಂಡಿತ ಸಾರ್ಥಕ. ತುಳು ವಿಕಿಪೀಡಿಯವೂ ಕನ್ನಡ ಲಿಪಿಯಲ್ಲೇ ಇರುವುದರಿಂದ ನಮ್ಮ ಜಿಲ್ಲೆಗಳವರಿಗೆ ಈ ಏರ್ಪಾಡು ಎರಡು ಭಾಷೆಗಳಿಗೂ ಒದಗುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್‌ಗಳಿಗೆ ಮಾತ್ರ ಈ ದಾರಿ ನಡೆಯದು. ಆರಿಂಚಿನ ಪರದೆಯಲ್ಲಿ ಅವುಗಳ ಅಕ್ಷರ ಸಾಸಿವೆಯಷ್ಟಾಗುತ್ತದೆ. ಅಕ್ಷರ ಗುರುತಿಸುವ ಗೋಜಿಗೆ ಹೋಗದೆ, ಪುಟದ ಚಿತ್ರವನ್ನೇ ಪದಪದವಾಗಿ ಕತ್ತರಿಸಿ ಕಿರಿಯ ಪರದೆಗೆ ಮರುಜೋಡಿಸುವ ಕೆ2ಪಿಡಿಎಫ್ಆಪ್ಟ್ ಎಂಬ ತಂತ್ರಾಂಶ ಅಲ್ಲಿ ನೆರವಿಗೆ ಬರುತ್ತದೆ. ಅದಕ್ಕೂ ಮೊದಲು ಆ ಪುಸ್ತಕ ಹಕ್ಕುಮುಕ್ತ ಪುಸ್ತಕಗಳ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಪಠ್ಯರೂಪದಲ್ಲಿ ಇದೆಯೇ ಎಂದು ಹುಡುಕುವುದು ಒಳ್ಳೆಯದು. ಇದ್ದರೆ ಅಲ್ಲಿಂದಲೇ ಇಪಬ್ ಇಳಿಸಿಕೊಳ್ಳಬಹುದು.