ಉದ್ಯಮಬಾಗದ ಕಾರ್ಖಾನೆಗೊಂದು ಆಪ್ತಸಮಾಲೋಚನಾ ಸೇವೆ: ಮೆಚ್ಚಿದ್ದು, ಮೆಚ್ಚದ್ದು

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಎರಕದ ಕಾರ್ಖಾನೆಯ ಆಡಳಿತವು ಕಾರ್ಮಿಕರ ಮಾನಸಿಕ ಸ್ವಾಸ್ಥ್ಯಕ್ಕೆಂದು ಹೊರಗಿನ ಸಂಸ್ಥೆಯೊಂದರ ಆಪ್ತಸಮಾಲೋಚನಾ ಸೇವೆಯನ್ನು ಕಳೆದ ವರ್ಷದಿಂದ ಪಡೆಯುತ್ತಿದೆ. ಸಮಾಲೋಚಕಿಯೊಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ದಿನಗಳಲ್ಲಿ ಫೋನಿನಲ್ಲಿ ಸಿಗುತ್ತಾರೆ. ಇದು ಪಾಳಿಯ ಮೇಲ್ವಿಚಾರಕನಾಗಿ ನಾನು ಕಂಡುಕೊಂಡ ಅಭಿಪ್ರಾಯ.

ಸಮಾಲೋಚಕಿಯ ಕೆಲಸದಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಕನ್ನಡ, ಮರಾಠಿ ಎರಡರಲ್ಲೂ ಸಲೀಸಾಗಿ ಮಾತನಾಡುವ ಅವರು, ಫರ್ನೇಸಿನ ಮುಂದಿನಿಂದ ಎದ್ದು ಬಂದವನಿಗೆ ಮೊದಲು ನೀರು ಕೊಟ್ಟು, ನಿದ್ದೆ ಹೇಗಿದೆ, ಊಟ ಎಷ್ಟು ಹೊತ್ತಿಗೆ ಎಂದು ವಿಚಾರಿಸಿ, ಆಮೇಲಷ್ಟೇ ಮನಸ್ಸಿನ ವಿಷಯಕ್ಕೆ ಬರುತ್ತಾರೆ. ಸಾಲದ ಕಂತಿನ ಚಿಂತೆಯನ್ನು ಮನೆಯಲ್ಲೂ ಹೇಳಿಕೊಳ್ಳದಿದ್ದವರು ಅವರ ಮುಂದೆ ಬಾಯಿಬಿಟ್ಟು ಹಗುರಾದುದನ್ನು ತಾವೇ ನನಗೆ ತಿಳಿಸಿದ್ದಾರೆ.

ಆದರೆ ಆಡಳಿತ ಒದಗಿಸಿದ ಜಾಗ ಸರಿಯಿಲ್ಲ. ಹಾಜರಿ ವಿಭಾಗಕ್ಕೆ ಅಂಟಿಕೊಂಡ ಕೋಣೆ, ನಡುವೆ ಪ್ಲೈವುಡ್ ಗೋಡೆ, ಬಾಗಿಲಲ್ಲಿ ಹೆಸರು ಬರೆಯುವ ರಿಜಿಸ್ಟರು. ಗೋಪ್ಯತೆಯ ಭರವಸೆ ಎಷ್ಟೇ ಕೊಟ್ಟರೂ ಆ ರಿಜಿಸ್ಟರು ಇರುವತನಕ ಗುತ್ತಿಗೆ ಕಾರ್ಮಿಕರು ಅತ್ತ ಸುಳಿಯುವುದಿಲ್ಲ. ಸೇವೆ ಹೆಚ್ಚು ಬೇಕಾಗಿರುವುದು ಅವರಿಗೇ.

ಇದಕ್ಕಿಂತ ದೊಡ್ಡ ಕೊರತೆ ಸಂಸ್ಥೆಯ ವರದಿಯಲ್ಲಿದೆ. ಕೆಲಸದ ಹೊರೆಯೊಂದೇ ಅಲ್ಲ, ಹೊರೆ ಹೆಚ್ಚಿದ್ದೂ ಅದರ ಮೇಲೆ ತನ್ನ ಹಿಡಿತವಿಲ್ಲದ ಸ್ಥಿತಿಯೇ ಮನಸ್ಸನ್ನು ಹಣ್ಣುಮಾಡುತ್ತದೆ ಎಂಬ ವಿಚಾರವನ್ನು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಮಂಡಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ವ್ಯಕ್ತಿಗೆ ಕೊಡುವ ನೆರವಿನ ಜೊತೆಗೆ ಕೆಲಸದ ವ್ಯವಸ್ಥೆಯನ್ನು ತಿದ್ದುವ ಕ್ರಮಗಳನ್ನು ಶಿಫಾರಸು ಮಾಡುತ್ತದೆ. ನಮ್ಮಲ್ಲಿ ಮುಂದಿನ ವಾರದ ಪಾಳಿ ಪಟ್ಟಿ ಗೋಡೆಗೆ ಬೀಳುವುದೇ ಶನಿವಾರ ಸಂಜೆ. ಖಾನಾಪುರದ ಕಡೆಯಿಂದ ಬರುವವರು ಮಗಳ ಮದುವೆ ಮಾತುಕತೆಯನ್ನೂ ಅದನ್ನು ನೋಡಿಯೇ ಗೊತ್ತುಮಾಡಬೇಕು. "ಮೇಡಂ ನಮ್ಮ ಮಾತ ಛಲೋ ಕೇಳ್ತಾರ್ರಿ, ಖರೆ ಪಾಳಿ ಅವರ ಕೈಯಾಗ ಇಲ್ಲಲ್ರಿ" ಎಂದರು ಎರಕದ ಅಂಚುಗಳನ್ನು ಉಜ್ಜಿ ನಯಮಾಡುವ ಫೆಟ್ಲಿಂಗ್ ವಿಭಾಗದ ಹಿರಿಯರೊಬ್ಬರು. ಆಡಳಿತಕ್ಕೆ ಹೋಗುವ ವರದಿಯಲ್ಲಾದರೋ ಎಷ್ಟು ಜನ ಬಂದರು, ಉಸಿರಾಟದ ವ್ಯಾಯಾಮ ಎಷ್ಟು ಮಂದಿಗೆ ಕಲಿಸಲಾಯಿತು ಎಂಬ ಲೆಕ್ಕವಿದೆಯೇ ಹೊರತು ಪಾಳಿಯ ಬಗ್ಗೆ ಒಂದು ಸಾಲೂ ಇಲ್ಲ. ಹಣ ಕೊಡುವವರಿಗೆ ಕಹಿ ಹೇಳಲು ಸಂಸ್ಥೆ ಹಿಂಜರಿಯುತ್ತಿರಬಹುದು.

ಕೋಣೆ ಬದಲಿಸಿ, ರಿಜಿಸ್ಟರು ತೆಗೆದು, ಯಾರ ಹೆಸರನ್ನೂ ಎತ್ತದೆ ಪಾಳಿಯ ದೂರುಗಳನ್ನು ವರದಿಗೆ ಸೇರಿಸುವುದಾದರೆ ಒಪ್ಪಂದವನ್ನು ನವೀಕರಿಸಬಹುದು. ಅಲ್ಲಿಯವರೆಗೆ, ಕಾರ್ಖಾನೆಯ ಕಣ್ಣಿಗೆ ಬೀಳದೆ ಮಾತನಾಡಬಯಸುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು, ರಾತ್ರಿ ಪಾಳಿ ಮುಗಿದ ಮೇಲೂ ಸಿಗುತ್ತದೆ.