ಒಂದೇ ಸಹಿ, ಮೂರು ಬೆಲೆ: ಎನ್‌ಬಿಎ ಒಪ್ಪಂದಗಳು ಮತ್ತು ಮೂರು ಬಗೆಯ ಫ್ಯಾಂಟಸಿ ಲೀಗ್‌ಗಳು

ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದ ಆಟಗಾರರು ಬೇರೆ ತಂಡಗಳೊಂದಿಗೂ ಮಾತುಕತೆ ನಡೆಸಬಹುದಾದ ಅವಧಿ, ಜೂನ್ 30ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 6 ಗಂಟೆಯಾದಾಗ ಆರಂಭವಾಗುತ್ತದೆ. ನಮ್ಮ ಗಡಿಯಾರದಲ್ಲಿ ಆಗ ಜುಲೈ 1ರ ಬೆಳಗಿನ ಜಾವ ಮೂರೂವರೆ. ಯಾರು ಯಾವ ತಂಡಕ್ಕೆ, ಎಷ್ಟು ವರ್ಷಕ್ಕೆ, ಎಷ್ಟು ಡಾಲರಿಗೆ ಎಂಬ ಸುದ್ದಿಗಳು ಅಲ್ಲಿಂದ ಎಡೆಬಿಡದೆ ಬರತೊಡಗುತ್ತವೆ. ಹೆಚ್ಚಿನ ಒಪ್ಪಂದಗಳಿಗೆ ಅಧಿಕೃತ ಸಹಿ ಬೀಳುವುದು ಜುಲೈ 6ರಿಂದಲೇ ಆದರೂ ಫ್ಯಾಂಟಸಿ (ನಿಜ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಪಂದ್ಯದ ಅಂಕಿಗಳಿಂದ ಸೆಣಸುವ ಆಟ) ಆಡುವವರು ಅಲ್ಲಿಯವರೆಗೆ ಕಾಯುವುದಿಲ್ಲ. ಆ ಸುದ್ದಿಯಿಂದ ತನ್ನ ತಂಡಕ್ಕೆ ಆಗುವ ಲಾಭನಷ್ಟ ಎಷ್ಟೆಂಬುದು ಮ್ಯಾನೇಜರ್ ಯಾವ ಬಗೆಯ ಲೀಗಿನಲ್ಲಿ ಆಡುತ್ತಿದ್ದಾನೆ ಎಂಬುದರ ಮೇಲೆ ನಿಂತಿರುತ್ತದೆ ಎಂಬುದು ಮೂರು ಬಗೆಯ ಲೀಗ್‌ಗಳಲ್ಲಿಯೂ ಆಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ.

ಮೊದಲನೆಯದು ರೀಡ್ರಾಫ್ಟ್: ಪ್ರತಿ ವರ್ಷ ಎಲ್ಲ ಆಟಗಾರರನ್ನೂ ಬಿಟ್ಟು ಅಕ್ಟೋಬರ್‌ನಲ್ಲಿ ಸರದಿಯಂತೆ ಹೊಸದಾಗಿ ಆರಿಸುವುದು (ಈ ಆಯ್ಕೆಯೇ ಡ್ರಾಫ್ಟ್). ಎರಡನೆಯದು ಕೀಪರ್: ಕೆಲವು ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವುದು. ಮೂರನೆಯದು ನಿಜ ಸಂಬಳದ ಲೀಗ್: ಆಟಗಾರನ ಎನ್‌ಬಿಎ ಸಂಬಳವೇ ನಮ್ಮ ಲೆಕ್ಕಕ್ಕೂ ಬರುತ್ತದೆ, ಮತ್ತು ಒಟ್ಟು ಮೊತ್ತಕ್ಕೆ ಮಿತಿಯಿರುತ್ತದೆ. ಮೂರರಲ್ಲಿಯೂ ನಾವು ಆಡುವುದು ಒಂಬತ್ತು ವಿಭಾಗಗಳನ್ನು ಬೇರೆಬೇರೆಯಾಗಿ ಹೋಲಿಸುವ ಪದ್ಧತಿಯಲ್ಲಿ, ಅಂದರೆ ಪಾಯಿಂಟ್ಸ್, ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್, ತ್ರೀ ಪಾಯಿಂಟರ್, ಫೀಲ್ಡ್ ಗೋಲ್ ಶೇಕಡಾ (ಎಸೆದ ಶಾಟ್‌ಗಳಲ್ಲಿ ಬುಟ್ಟಿಗೆ ಬಿದ್ದವು), ಫ್ರೀ ಥ್ರೋ ಶೇಕಡಾ ಮತ್ತು ಟರ್ನೋವರ್ (ಚೆಂಡು ಕಳೆದುಕೊಳ್ಳುವುದು). ಹಣ ಕಟ್ಟುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ. ಆದ್ದರಿಂದ 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಭಾರತದಲ್ಲಿ ಬಂದಾಗ ಬೆಂಗಳೂರಿನ ಸದಸ್ಯರಿಗೂ ಏನೂ ತೊಂದರೆಯಾಗಲಿಲ್ಲ.

ರೀಡ್ರಾಫ್ಟ್ ಲೀಗಿನಲ್ಲಿ ಸಹಿಯ ಸುದ್ದಿಗೆ ಬೆಲೆ ಕಡಿಮೆ. ಜುಲೈನಲ್ಲಿ ಬಂದ ಸುದ್ದಿ ಅಕ್ಟೋಬರ್ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿ, ಆ್ಯಪಿನ ಶ್ರೇಯಾಂಕದಲ್ಲಿಯೂ ಸೇರಿಹೋಗಿರುತ್ತದೆ. 2022ರಲ್ಲಿ ಜೇಲನ್ ಬ್ರನ್ಸನ್ ಡಾಲಸ್ ಬಿಟ್ಟು ನ್ಯೂಯಾರ್ಕ್‌ಗೆ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಾಗ, ಲೂಕಾ ಡಾನ್ಚಿಚ್‌ನ ಪಕ್ಕದಲ್ಲಿ ಆಡುತ್ತಿದ್ದವನು ಇನ್ನು ಮುಂದೆ ತಾನೇ ಚೆಂಡು ಹಿಡಿದು ಆಡಿಸುತ್ತಾನೆ ಎಂಬುದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಅವನ ಸರಾಸರಿ 16.3 ಪಾಯಿಂಟ್ಸ್‌ನಿಂದ 24ಕ್ಕೆ ಏರಿತು. ಇಂಥ ಏರಿಕೆಯನ್ನು ಊಹಿಸಿದವರು ಅವನನ್ನು ಒಂದೆರಡು ರೌಂಡ್ ಮುಂಚೆ ಆರಿಸಬೇಕಾಗುತ್ತದೆ, ಅಂದರೆ ಲಾಭದ ಒಂದು ಪಾಲನ್ನು ಡ್ರಾಫ್ಟ್ ದಿನವೇ ಕಟ್ಟಿಬಿಟ್ಟಂತೆ.

ಈ ಲೀಗಿನಲ್ಲಿ ಗಮನವಿಟ್ಟು ನೋಡುವವನಿಗೆ ಉಳಿಯುವ ಜಾಗವೆಂದರೆ ಶೇಕಡಾವಾರು ವಿಭಾಗಗಳು. 2020ರಲ್ಲಿ ಜೆರಮಿ ಗ್ರಾಂಟ್ ಡೆನ್ವರ್‌ನಿಂದ ಡೆಟ್ರಾಯಿಟ್‌ಗೆ ಮೂರು ವರ್ಷಕ್ಕೆ 6 ಕೋಟಿ ಡಾಲರಿನ ಒಪ್ಪಂದದಲ್ಲಿ ಹೋದಾಗ ಅವನ ಸರಾಸರಿ 12ರಿಂದ 22.3 ಪಾಯಿಂಟ್ಸ್‌ಗೆ ಜಿಗಿಯಿತು, ಆದರೆ ಫೀಲ್ಡ್ ಗೋಲ್ ಶೇಕಡಾ 47.8ರಿಂದ 42.9ಕ್ಕೆ ಇಳಿಯಿತು. ದುರ್ಬಲ ತಂಡದಲ್ಲಿ ದೊಡ್ಡ ಪಾತ್ರ ಸಿಕ್ಕವನಿಗೆ ಕಷ್ಟದ ಶಾಟ್‌ಗಳೂ ಪಾಲಿಗೆ ಬರುತ್ತವೆ. ಬರಿಯ ಪಾಯಿಂಟ್ಸ್ ಲೆಕ್ಕದ ಲೀಗಿನಲ್ಲಿ ಆಡುವವರಿಗೆ ಇದೊಂದು ಹಬ್ಬ. ನಮ್ಮಂಥ ಒಂಬತ್ತು ವಿಭಾಗದವರಿಗೆ ಅರ್ಧ ಹಬ್ಬ ಮಾತ್ರ.

ತಡವಾಗಿ ಬೀಳುವ ಸಹಿಗಳ ವಿಷಯದಲ್ಲಿಯೂ ರೀಡ್ರಾಫ್ಟ್ ಆಡುವವರು ನಿಶ್ಚಿಂತರು. 2025ರ ಬೇಸಿಗೆಯಲ್ಲಿ ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ (ಬೇರೆ ತಂಡ ಕೊಡಲೊಪ್ಪಿದ ಮೊತ್ತವನ್ನು ಹಳೆಯ ತಂಡವೇ ಕೊಟ್ಟು ಉಳಿಸಿಕೊಳ್ಳಬಹುದಾದ ಆಟಗಾರ) ಆಗಿದ್ದ ಜೋಶ್ ಗಿಡ್ಡಿ ಮತ್ತು ಜೊನಾಥನ್ ಕುಮಿಂಗಾ ಅವರ ಮಾತುಕತೆ ಸೆಪ್ಟೆಂಬರ್‌ವರೆಗೆ ಎಳೆಯಿತು. ಅಕ್ಟೋಬರ್‌ನಲ್ಲಿ ಡ್ರಾಫ್ಟ್ ಮಾಡುವವರಿಗೆ ಅದು ಕೇವಲ ಓದಿ ಮರೆಯುವ ಸುದ್ದಿ. ಆಗಸ್ಟ್ ಕೊನೆಗೆ ಉಳಿಸಿಕೊಳ್ಳುವವರ ಹೆಸರುಗಳನ್ನು ಕೊಡಬೇಕಾದ ಕೀಪರ್ ಲೀಗಿನವರಿಗೆ ಮಾತ್ರ ಅದು ನಿದ್ದೆಗೆಡಿಸುವ ವಿಷಯವಾಗಿತ್ತು.

ಕೀಪರ್ ಲೀಗಿಗೆ ಬಂದರೆ ಸುದ್ದಿಯ ತೂಕವೇ ಬೇರೆ. ಇಲ್ಲಿ ಆಟಗಾರ ಈಗಾಗಲೇ ನಮ್ಮವನು. ಅವನು ತಂಡ ಬದಲಿಸಿದ ಕ್ಷಣದಲ್ಲಿ ನಮ್ಮ ಆಸ್ತಿಯ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ, ನಮಗೆ ಮಾಡಲು ಉಳಿಯುವುದು ಟ್ರೇಡ್ (ಇನ್ನೊಬ್ಬ ಮ್ಯಾನೇಜರ್ ಜೊತೆ ಆಟಗಾರರ ಅದಲುಬದಲು) ಒಂದೇ. ಆದರೆ ಸಹಿ ಹಾಕಿದವನ ಹಿಂದೆಯೇ ಎಲ್ಲರ ಕಣ್ಣೂ ಓಡುವಾಗ, ಅವನು ಬಿಟ್ಟುಹೋದ ತಂಡದ ಕಡೆ ನೋಡುವವನಿಗೆ ಹೆಚ್ಚು ಸಿಗುತ್ತದೆ ಎಂಬುದನ್ನು ನಾನು ಇಲ್ಲಿ ಕಂಡುಕೊಂಡೆ. 2023ರಲ್ಲಿ ಫ್ರೆಡ್ ವ್ಯಾನ್‌ವ್ಲೀಟ್ ಟೊರಾಂಟೊ ಬಿಟ್ಟು ಹ್ಯೂಸ್ಟನ್‌ಗೆ ಮೂರು ವರ್ಷಕ್ಕೆ ಸುಮಾರು 13 ಕೋಟಿ ಡಾಲರಿಗೆ ಹೋದಾಗ ನಮ್ಮ ಗುಂಪಿನಲ್ಲಿ ನಡೆದ ಚರ್ಚೆಯೆಲ್ಲ ಹ್ಯೂಸ್ಟನ್ ಬಗ್ಗೆಯೇ. ನನ್ನ ಬಳಿ ಇದ್ದವನು ಟೊರಾಂಟೊದ ಸ್ಕಾಟಿ ಬಾರ್ನ್ಸ್. ಚೆಂಡನ್ನು ಮುಂದಕ್ಕೆ ಒಯ್ಯುವ ಕೆಲಸದ ದೊಡ್ಡ ಪಾಲು ಇನ್ನು ಇವನಿಗೇ ಬರುತ್ತದೆ ಎಂಬ ಎಣಿಕೆಯಲ್ಲಿ, ಅವನಿಗಾಗಿ ಬಂದ ಟ್ರೇಡ್ ಪ್ರಸ್ತಾಪಗಳನ್ನು ನಿರಾಕರಿಸಿದೆ. ಮುಂದಿನ ಸೀಸನ್‌ನಲ್ಲಿ ಬಾರ್ನ್ಸ್ 15.3ರಿಂದ 19.9 ಪಾಯಿಂಟ್ಸ್‌ಗೆ, 6.6ರಿಂದ 8.2 ರೀಬೌಂಡ್‌ಗೆ, 4.8ರಿಂದ 6.1 ಅಸಿಸ್ಟ್‌ಗೆ ಏರಿ ಆಲ್‌ಸ್ಟಾರ್ ಆದ. ವ್ಯಾನ್‌ವ್ಲೀಟ್‌ನ ಅಸಿಸ್ಟ್ ಹೆಚ್ಚಿತು, ಪಾಯಿಂಟ್ಸ್ ಮತ್ತು ಸ್ಟೀಲ್ ಕಡಿಮೆಯಾದವು. ಒಟ್ಟಿನಲ್ಲಿ ಸಂಬಳ ಏರಿದಷ್ಟು ಅವನ ಫ್ಯಾಂಟಸಿ ಬೆಲೆ ಏರಲಿಲ್ಲ.

ಯಾರು ಎಲ್ಲಿಗೆ ಹೋಗಬಹುದು ಎಂಬುದನ್ನು ಮೊದಲೇ ಊಹಿಸುವವನಿಗೂ ಕೀಪರ್ ಲೀಗ್ ಕೈಹಿಡಿಯುತ್ತದೆ, ಅದಕ್ಕೆ ಲೀಗಿನ ಒಪ್ಪಂದದ ನಿಯಮಗಳನ್ನು ಸ್ವಲ್ಪ ಓದಿಕೊಂಡಿರಬೇಕು. ಐಸಾಯಾ ಹಾರ್ಟೆನ್‌ಸ್ಟೈನ್ ನ್ಯೂಯಾರ್ಕ್‌ನಲ್ಲಿ ಎರಡೇ ವರ್ಷ ಆಡಿದ್ದರಿಂದ, ಪೂರ್ಣ ಬರ್ಡ್ ರೈಟ್ಸ್ (ತನ್ನದೇ ಆಟಗಾರನಿಗೆ ಸಂಬಳದ ಮಿತಿ ಮೀರಿಯೂ ಕೊಡುವ ಹಕ್ಕು) ಇಲ್ಲದ ಆ ತಂಡ 2024ರಲ್ಲಿ ಅವನಿಗೆ ಹೆಚ್ಚೆಂದರೆ ನಾಲ್ಕು ವರ್ಷಕ್ಕೆ 7.25 ಕೋಟಿ ಡಾಲರ್ ಕೊಡಬಹುದಿತ್ತು. ಒಕ್ಲಹೋಮ ಸಿಟಿ ಮೂರೇ ವರ್ಷಕ್ಕೆ 8.7 ಕೋಟಿ ಕೊಟ್ಟಿತು. ಈ ಮಿತಿ ತಿಳಿದಿದ್ದವರಿಗೆ ಅವನು ಹೊರಡುವ ಸಾಧ್ಯತೆ ಹೆಚ್ಚೆಂಬುದು ವಸಂತದಲ್ಲಿಯೇ ಗೊತ್ತಿತ್ತು. ಅವನ ಸರಾಸರಿ 7.8 ಪಾಯಿಂಟ್ಸ್ ಮತ್ತು 8.3 ರೀಬೌಂಡ್‌ನಿಂದ 11.2 ಮತ್ತು 10.7ಕ್ಕೆ ಹೋಯಿತು, ಆದರೆ ಸೀಸನ್‌ಗೆ ಮುನ್ನವೇ ಕೈ ಮುರಿದುಕೊಂಡು ಮೊದಲ ಕೆಲವು ವಾರ ಬೆಂಚಿನಲ್ಲಿ ಕೂತ. ಗಾಯವನ್ನು ಯಾವ ನಿಯಮಪುಸ್ತಕವೂ ಹೇಳುವುದಿಲ್ಲ.

ನಿಜ ಸಂಬಳದ ಲೀಗಿನಲ್ಲಿ ಒಪ್ಪಂದದ ಮೊತ್ತವೇ ಆಟದ ಒಂದು ಭಾಗ, ಹಾಗಾಗಿ ಇಲ್ಲಿ ಎಲ್ಲವೂ ತಲೆಕೆಳಗಾಗುತ್ತದೆ. ನಮ್ಮ ಮಿತಿಯನ್ನು ಎನ್‌ಬಿಎಯ ಸ್ಯಾಲರಿ ಕ್ಯಾಪ್‌ಗೇ (ಒಂದು ತಂಡದ ಒಟ್ಟು ಸಂಬಳದ ಮಿತಿ) ಸಮನಾಗಿ ಇಟ್ಟಿದ್ದೇವೆ: 2024-25ರಲ್ಲಿ ಅದು ಸುಮಾರು 14.06 ಕೋಟಿ ಡಾಲರ್, 2025-26ರಲ್ಲಿ ಸುಮಾರು 15.46 ಕೋಟಿ. ಪಾಲ್ ಜಾರ್ಜ್ 2024ರಲ್ಲಿ ಫಿಲಡೆಲ್ಫಿಯಾ ಜೊತೆ ನಾಲ್ಕು ವರ್ಷಕ್ಕೆ 21.2 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿದಾಗ ಅವನ ಮೊದಲ ವರ್ಷದ ಸಂಬಳ ಈ ಮಿತಿಯ ಶೇಕಡಾ 35ರಷ್ಟಿತ್ತು. ಆ ಸೀಸನ್‌ನಲ್ಲಿ ಅವನು ಆಡಿದ್ದು 41 ಪಂದ್ಯ, ಸರಾಸರಿ 16.2 ಪಾಯಿಂಟ್ಸ್. ರೀಡ್ರಾಫ್ಟ್‌ನಲ್ಲಿ ಇದು ಒಂದು ಕೆಟ್ಟ ಆಯ್ಕೆ, ಏಪ್ರಿಲ್‌ಗೆ ಮುಗಿಯಿತು. ಕೀಪರ್‌ನಲ್ಲಿ ಅವನನ್ನು ಉಳಿಸಿಕೊಳ್ಳದೆ ಕೈಬಿಡಬಹುದು. ಸಂಬಳದ ಲೀಗಿನಲ್ಲಿ ಮಾತ್ರ ಅವನು ಮನೆಗೆ ಬಂದು ಹೊರಡದ ನೆಂಟ.

ಅದಕ್ಕೆ ತದ್ವಿರುದ್ಧ ಟಯಸ್ ಜೋನ್ಸ್. ವಾಷಿಂಗ್ಟನ್‌ನಲ್ಲಿ 12 ಪಾಯಿಂಟ್ಸ್, 7.3 ಅಸಿಸ್ಟ್ ಕೊಟ್ಟಿದ್ದವನು ಅದೇ ಬೇಸಿಗೆಯಲ್ಲಿ ಫೀನಿಕ್ಸ್‌ಗೆ ಒಂದು ವರ್ಷದ ಕನಿಷ್ಠ ಸಂಬಳಕ್ಕೆ, ಎಂದರೆ ಸುಮಾರು 30 ಲಕ್ಷ ಡಾಲರಿಗೆ ಬಂದ. ಅವನ ಅಂಕಿಗಳು 10.2 ಪಾಯಿಂಟ್ಸ್ ಮತ್ತು 5.3 ಅಸಿಸ್ಟ್‌ಗೆ ಇಳಿದವು, ರೀಡ್ರಾಫ್ಟ್ ಲೀಗಿನಲ್ಲಿ ಅವನ ಬೆಲೆಯೂ ಇಳಿಯಿತು; ನಮ್ಮ ಸಂಬಳದ ಲೀಗಿನಲ್ಲಿ ಆ ವರ್ಷ ಅವನಷ್ಟು ಒಳ್ಳೆಯ ವ್ಯಾಪಾರ ಇನ್ನೊಂದಿರಲಿಲ್ಲ.

ಇದಕ್ಕಿಂತ ವಿಚಿತ್ರವೆಂದರೆ ತಂಡ ಬದಲಿಸದೆ ಹಾಕುವ ಸಹಿ. ಕೇಡ್ ಕನಿಂಗ್‌ಹ್ಯಾಮ್ 2024ರ ಜುಲೈನಲ್ಲಿ ಡೆಟ್ರಾಯಿಟ್ ಜೊತೆಗೇ ಐದು ವರ್ಷದ ವಿಸ್ತರಣೆಗೆ ಒಪ್ಪಿದ. ಉಳಿದ ಎರಡು ಬಗೆಯ ಲೀಗ್‌ಗಳಲ್ಲಿ ಇದು ಸುದ್ದಿಯೇ ಅಲ್ಲ: ಅದೇ ತಂಡ, ಅದೇ ಪಾತ್ರ. ಸಂಬಳದ ಲೀಗಿನಲ್ಲಿ 2024-25ರಲ್ಲಿ ಸುಮಾರು 1.39 ಕೋಟಿ ಡಾಲರಿಗೆ 26.1 ಪಾಯಿಂಟ್ಸ್ ಮತ್ತು 9.1 ಅಸಿಸ್ಟ್ ಕೊಡುತ್ತಿದ್ದ ಆಟಗಾರ ಮುಂದಿನ ವರ್ಷದಿಂದ ಕ್ಯಾಪ್‌ನ ಕಾಲು ಭಾಗ ತಿನ್ನುವವನಾಗುತ್ತಾನೆ ಎಂಬುದು ಆ ಸಹಿಯಿಂದ ಖಚಿತವಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ವರ್ಷದ ಅತ್ಯುತ್ತಮ ಆಟಗಾರರನ್ನು ಮತದಿಂದ ಆರಿಸುವ ಮೂರು ಆಲ್ ಎನ್‌ಬಿಎ ತಂಡಗಳಲ್ಲೊಂದಕ್ಕೆ ಆಯ್ಕೆಯಾದರೆ ಕಾಲು ಭಾಗ ಶೇಕಡಾ 30 ಆಗುತ್ತದೆಂಬ ಷರತ್ತು ಒಪ್ಪಂದದಲ್ಲಿತ್ತು. 2025ರಲ್ಲಿ ಅವನು ಮೂರನೆಯ ತಂಡಕ್ಕೆ ಆಯ್ಕೆಯಾದ, ಸಂಬಳ ಸುಮಾರು 4.64 ಕೋಟಿಗೆ ನಿಂತಿತು. ನಮ್ಮ ಲೀಗಿನಲ್ಲಿ ಕೇಡ್‌ನನ್ನು ಹೊಂದಿದ್ದ ನ್ಯೂಜೆರ್ಸಿಯ ಸ್ನೇಹಿತರು ತಮ್ಮದೇ ನೆಚ್ಚಿನ ಆಟಗಾರನಿಗೆ ಮತ ಬೀಳದಿರಲಿ ಎಂದು ಹಾರೈಸುತ್ತಿದ್ದುದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಇಂಥ ತಮಾಷೆ ಬೇರೆ ಯಾವ ಲೀಗಿನಲ್ಲಿಯೂ ಸಿಗುವುದಿಲ್ಲ, ಮತ್ತು ನನಗೆ ಈ ಬಗೆಯೇ ಹೆಚ್ಚು ಇಷ್ಟವಾಗಲು ಮುಖ್ಯ ಕಾರಣವೂ ಇದೇ. ಆದರೆ ನಿರ್ವಾಹಕನ ಕೆಲಸ ಇಲ್ಲಿ ಮೂರು ಪಟ್ಟು: ಬೈಔಟ್ ಆದವನ (ಒಂದಿಷ್ಟು ಹಣ ಬಿಟ್ಟುಕೊಟ್ಟು ತಂಡದಿಂದ ಬಿಡುಗಡೆ ಪಡೆದವನ) ಸಂಬಳವನ್ನು ಯಾವ ಅಂಕಿಯಲ್ಲಿ ಹಿಡಿಯಬೇಕು ಎಂಬುದನ್ನು ಮೊದಲೇ ಬರೆದಿಡದಿದ್ದರೆ ಫೆಬ್ರವರಿಯಲ್ಲಿ ಜಗಳ ಖಂಡಿತ. ಹೊಸಬರಿಗೆ ನಾನಿದನ್ನು ಸೂಚಿಸುವುದಿಲ್ಲ. ಬೆಳಿಗ್ಗೆ ಪಂದ್ಯದ ಅಂಕಿ ನೋಡಿ ಕೆಲಸಕ್ಕೆ ಹೋಗುವಷ್ಟೇ ಪುರುಸೊತ್ತು ಇರುವವರಿಗೆ ರೀಡ್ರಾಫ್ಟ್ ಸಾಕು.

ಸೀಸನ್ ನಡುವಿನ ಸಣ್ಣ ಸಹಿಗಳಲ್ಲಿ ಮಾತ್ರ ಮೂರೂ ಲೀಗ್‌ಗಳು ಬಹುಮಟ್ಟಿಗೆ ಸಮಾನ. ಟೂ ವೇ ಒಪ್ಪಂದದ (ಎನ್‌ಬಿಎ ಮತ್ತು ಅದರ ಕೆಳಹಂತದ ಲೀಗ್ ಎರಡರಲ್ಲೂ ಆಡುವ) ಆಟಗಾರ 50 ಪಂದ್ಯಗಳಿಗಿಂತ ಹೆಚ್ಚು ಸಕ್ರಿಯ ಪಟ್ಟಿಯಲ್ಲಿ ಇರುವಂತಿಲ್ಲವಾದ್ದರಿಂದ, ತಂಡ ಅವನಿಗೆ ಪೂರ್ಣ ಒಪ್ಪಂದ ಕೊಟ್ಟಿತೆಂದರೆ ಅವನ ಮೇಲೆ ನಂಬಿಕೆಯಿದೆ ಎಂದೇ ಅರ್ಥ. 2024ರ ಜನವರಿಯಲ್ಲಿ ಮೆಂಫಿಸ್ ತಂಡ ವಿನ್ಸ್ ವಿಲಿಯಮ್ಸ್ ಜೂನಿಯರ್‌ಗೆ ಹೀಗೆ ಬಡ್ತಿ ಕೊಟ್ಟಾಗ, ವೇವರ್ ಪಟ್ಟಿಯಲ್ಲಿ (ಯಾವ ಫ್ಯಾಂಟಸಿ ತಂಡದಲ್ಲೂ ಇಲ್ಲದವರ ಪಟ್ಟಿ) ಅವನನ್ನು ಹಿಡಿದವರಿಗೆ ಯಾವ ಬಗೆಯ ಲೀಗಿನಲ್ಲಿಯೂ ನಷ್ಟವಾಗಲಿಲ್ಲ.

ವ್ಯಾನ್‌ವ್ಲೀಟ್ ವಿಷಯ ಇನ್ನೂ ಸ್ವಲ್ಪ ಉಳಿದಿದೆ. 2025ರ ಬೇಸಿಗೆಯಲ್ಲಿ ಹ್ಯೂಸ್ಟನ್ ಅವನ ಮೂರನೆಯ ವರ್ಷದ ಸುಮಾರು 4.49 ಕೋಟಿಯ ಒಪ್ಪಂದವನ್ನು ಮುಂದುವರಿಸುವ ಆಯ್ಕೆಯನ್ನು ಬಿಟ್ಟು, ಎರಡು ವರ್ಷಕ್ಕೆ 5 ಕೋಟಿಯ ಹೊಸ ಒಪ್ಪಂದ ಮಾಡಿಕೊಂಡಿತು. ಸಂಬಳದ ಲೀಗಿನಲ್ಲಿ ಅವನನ್ನು ಇಟ್ಟುಕೊಂಡಿದ್ದವರಿಗೆ ಒಂದೇ ದಿನದಲ್ಲಿ ಸುಮಾರು ಎರಡು ಕೋಟಿ ಡಾಲರಿನ ಜಾಗ ತೆರವಾಯಿತು, ಆ ಜಾಗ ನೋಡಿಕೊಂಡೇ ಅವರು ಬೇರೆ ಟ್ರೇಡ್‌ಗಳನ್ನೂ ಕುದುರಿಸಿದರು. ಸೆಪ್ಟೆಂಬರ್‌ನಲ್ಲಿ ಅವನ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ರೀಡ್ರಾಫ್ಟ್‌ನಲ್ಲಿ ಡ್ರಾಫ್ಟ್ ಇನ್ನೂ ಆಗಿರಲಿಲ್ಲವಾದ್ದರಿಂದ ಯಾರೂ ಅವನ ಹೆಸರೆತ್ತಲಿಲ್ಲ. ಸಂಬಳದ ಲೀಗಿನಲ್ಲಿ ಉಳಿದ ಎರಡೂವರೆ ಕೋಟಿ ಲೆಕ್ಕದಲ್ಲಿ ಹಾಗೆಯೇ ಕೂತಿತು. ಕೀಪರ್ ಲೀಗಿನಲ್ಲಿ ಅವನು ಗಾಯಾಳುಗಳ ಜಾಗಕ್ಕೆ ಹೋದ, ಮತ್ತು ಅವನ ಜಾಗ ತುಂಬಬಹುದಾದ ಹ್ಯೂಸ್ಟನ್‌ನ ರೀಡ್ ಶೆಪರ್ಡ್‌ಗಾಗಿ ಆ ವಾರವೇ ಟ್ರೇಡ್ ಪ್ರಸ್ತಾಪಗಳು ಬರತೊಡಗಿದವು.