250/500/100: ಕ್ಯಾಲಿಫೋರ್ನಿಯಾದಲ್ಲಿ ನಾನು ಆರಿಸಿಕೊಂಡ ಕಾರು ವಿಮೆಯ ಮಿತಿ

ನನ್ನ ಕಾರಿನ ಹೊಣೆಗಾರಿಕೆ ವಿಮೆಯ, ಅಂದರೆ ನನ್ನ ತಪ್ಪಿನಿಂದ ಪರರಿಗಾದ ಹಾನಿಯನ್ನು ಭರಿಸುವ ವಿಮೆಯ, ಮಿತಿ ಈಗ ಸಾವಿರ ಡಾಲರುಗಳ ಲೆಕ್ಕದಲ್ಲಿ 250/500/100 ಇದ್ದು, ಅದರ ಮೇಲೆ ಹತ್ತು ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿಯೊಂದಿದೆ (ಕಾರು ವಿಮೆಯ ಮಿತಿ ಮುಗಿದ ಮೇಲೆ ಉಳಿದದ್ದಕ್ಕೆ ಬರುವ ಹೆಚ್ಚುವರಿ ವಿಮೆ). ಮೂರು ವರ್ಷ ಪ್ರೀಮಿಯಂ ಕಟ್ಟಿದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದು ಕಾರು ಕೊಳ್ಳುತ್ತಿರುವ ಕನ್ನಡಿಗರು ಇದನ್ನು ಓದಬೇಕೆಂಬುದು ನನ್ನ ಆಸೆ.

ನಮ್ಮೂರಿನಲ್ಲಿ ಕಾರು ಓಡಿಸಿ ಬಂದವರಿಗೆ 'ಎಷ್ಟು ಮಿತಿ ಇಟ್ಟುಕೊಳ್ಳಬೇಕು' ಎಂಬ ಪ್ರಶ್ನೆಯೇ ಹೊಳೆಯುವುದಿಲ್ಲ. ಭಾರತದ ಥರ್ಡ್ ಪಾರ್ಟಿ ವಿಮೆಯಲ್ಲಿ ಎದುರಿನವರ ಸಾವಿಗೆ ಅಥವಾ ಗಾಯಕ್ಕೆ ಮೇಲ್ಮಿತಿ ಎಂಬುದಿಲ್ಲ. ನ್ಯಾಯಮಂಡಳಿ ಎಷ್ಟು ಪರಿಹಾರ ನಿಗದಿ ಮಾಡುತ್ತದೋ ಅಷ್ಟನ್ನೂ ಕಂಪನಿಯೇ ಕಟ್ಟಿಕೊಡುತ್ತದೆ, ಆಸ್ತಿ ಹಾನಿಗೆ ಮಾತ್ರ ಕಾರುಗಳಿಗೆ ಏಳೂವರೆ ಲಕ್ಷ ರೂಪಾಯಿಯ ಗಡಿಯಿದೆ. ಇಲ್ಲಿ ಹಾಗಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಮೂರು ಅಂಕಿಗಳಿರುತ್ತವೆ: ಗಾಯಗೊಂಡ ಒಬ್ಬರಿಗೆ ಎಷ್ಟು ಸಾವಿರ ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ ಎಷ್ಟು, ಪರರ ವಾಹನ ಅಥವಾ ಆಸ್ತಿಗೆ ಎಷ್ಟು. ಕಂಪನಿಯ ಪರಿಹಾರ ಅಲ್ಲಿಗೆ ಮುಗಿಯುತ್ತದೆ, ಉಳಿದದ್ದು ನಮ್ಮ ತಲೆಯ ಮೇಲೆ ಬರುತ್ತದೆ.

ನಾನು ಇದನ್ನು ತಿಳಿದದ್ದು ದುಡ್ಡು ಕೊಟ್ಟು. ಸನ್ನಿವೇಲ್‌ಗೆ ಬಂದ ಹೊಸತರಲ್ಲಿ ಒಬ್ಬ ಏಜೆಂಟರ ಬಳಿ 'ಫುಲ್ ಕವರೇಜ್' ಕೇಳಿ ಪಡೆದಿದ್ದೆ. ಆ ಮಾತಿಗೆ ಅಪಘಾತದಲ್ಲಿ ನನ್ನದೇ ಕಾರಿಗಾಗುವ ಹಾನಿಗೂ ಅದರ ಕಳವಿಗೂ ವಿಮೆಯಿದೆ ಎಂಬಷ್ಟೇ ಅರ್ಥ, ಎದುರಿನವರಿಗೆ ಎಷ್ಟು ಸಿಗುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಣೆಗಾರಿಕೆಯ ಸಾಲಿನಲ್ಲಿದ್ದದ್ದು ಆಗಿನ ಕಾನೂನಿನ ಕನಿಷ್ಠ ಮಿತಿಯಾದ 15/30/5. 2021ರ ಒಂದು ಸಂಜೆ ಎಲ್ ಕಮಿನೊ ರಸ್ತೆಯ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತುವುದು ಕ್ಷಣ ತಡವಾಗಿ ಮುಂದಿನ ಕಾರಿಗೆ ಗುದ್ದಿದೆ. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕಾರಿನ ಮುಂಭಾಗದಲ್ಲಿ ಒಂದು ತಗ್ಗು, ಅವರ ಬಂಪರಿನಲ್ಲಿ ಅಂಗೈಯಗಲದ ಬಿರುಕು, ಅಷ್ಟೇ ಕಾಣುತ್ತಿತ್ತು. ಆದರೆ ಆ ಬಂಪರಿನೊಳಗೆ ಸೆನ್ಸಾರುಗಳಿದ್ದವು, ಕ್ಯಾಮರಾ ಇತ್ತು, ಹಿಂಬದಿಯ ಲೋಹದ ಚೌಕಟ್ಟೂ ಬಾಗಿತ್ತು. ರಿಪೇರಿಯ ಬಿಲ್ಲು 11,300 ಡಾಲರ್ ಆಯಿತು. ಅವರ ವಿಮಾ ಕಂಪನಿ ರಿಪೇರಿ ಮಾಡಿಸಿಕೊಟ್ಟು ನನ್ನ ಕಂಪನಿಯಿಂದ 5,000 ವಸೂಲಿ ಮಾಡಿತು, ಉಳಿದ 6,300ಕ್ಕೆ ನನ್ನ ಹೆಸರಿಗೇ ಪತ್ರ ಬಂತು. ತಿಂಗಳಿಗೆ 350ರಂತೆ ಹದಿನೆಂಟು ಕಂತುಗಳಲ್ಲಿ ತೀರಿಸಿದೆ. ಹಾನಿಯಾದದ್ದು ತಗಡಿಗೆ, ಅದೇ ಒಬ್ಬರ ಬೆನ್ನುಮೂಳೆಗೆ ಆಗಿದ್ದರೆ 15,000 ಡಾಲರ್ ಈ ಊರಿನ ಆಸ್ಪತ್ರೆಯಲ್ಲಿ ಎಷ್ಟು ದಿನಕ್ಕೆ ಬರುತ್ತಿತ್ತು ಎಂದು ಆ ಹದಿನೆಂಟು ತಿಂಗಳೂ ಯೋಚಿಸಿದ್ದೇನೆ.

1967ರಿಂದ ಬದಲಾಗದೆ ಉಳಿದಿದ್ದ ಆ ಕನಿಷ್ಠ ಮಿತಿಯನ್ನು ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ 30/60/15ಕ್ಕೆ ಏರಿಸಿದೆ. ಏರಿಸಿದ್ದು ಒಳ್ಳೆಯದೇ, ಆದರೂ ಇದು ಸಾಲದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಇಲ್ಲಿನ ರಸ್ತೆಗಳಲ್ಲಿ ಓಡುವ ಎಷ್ಟೋ ಕಾರುಗಳ ಬೆಲೆ 15,000ದ ಮೂರು ನಾಲ್ಕು ಪಟ್ಟಿದೆ.

ಈಗಿನ ಪಾಲಿಸಿಯನ್ನು ಮಾಡಿಸಿಕೊಟ್ಟದ್ದು ಬೇರೊಬ್ಬ ಬ್ರೋಕರ್. ಅವರ ಸೇವೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ ಹಾಳೆಯ ಮೇಲೆ ಮೂರು ಮಿತಿಗಳನ್ನೂ ಅವುಗಳ ಪ್ರೀಮಿಯಮ್ಮನ್ನೂ ಅಕ್ಕಪಕ್ಕ ಬರೆದು ತೋರಿಸಿದ್ದು. ಕನಿಷ್ಠ ಮಿತಿಯಿಂದ 100/300/100ಕ್ಕೆ ಹೋಗಲು ಆರು ತಿಂಗಳಿಗೆ 140 ಡಾಲರ್ ಹೆಚ್ಚು, ಅಲ್ಲಿಂದ 250/500/100ಕ್ಕೆ ಇನ್ನು 45 ಡಾಲರ್ ಮಾತ್ರ. ಮಿತಿ ಏರಿದಷ್ಟೂ ಮುಂದಿನ ಮೆಟ್ಟಿಲು ಅಗ್ಗವಾಗುತ್ತದೆ ಎಂಬುದು ಆ ಹಾಳೆ ನೋಡುವವರೆಗೆ ನನಗೆ ಗೊತ್ತಿರಲಿಲ್ಲ. 100/300 ಎಂದರೆ ಮೂರು ಲಕ್ಷವಿದೆ ಎಂದು ನೆಮ್ಮದಿಯಾಗಿರುವ ಗೆಳೆಯರು ನನಗಿದ್ದಾರೆ; ಗಾಯಗೊಂಡವರು ಒಬ್ಬರೇ ಆಗಿದ್ದರೆ ಸಿಗುವುದು ಒಂದು ಲಕ್ಷ ಮಾತ್ರ ಎಂಬುದನ್ನು ಅವರು ಗಮನಿಸಿರುವುದಿಲ್ಲ.

'ನಿಮ್ಮ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ವಿಮೆ ಮಾಡಿಸಿ' ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಬಾಡಿಗೆ ಮನೆಯಲ್ಲಿರುವ ಯುವ ಇಂಜಿನಿಯರಿಗೆ ಆಸ್ತಿ ಇಲ್ಲದಿರಬಹುದು, ಆದರೆ ಸಂಬಳವಿದೆ. ಇಲ್ಲಿನ ನ್ಯಾಯಾಲಯದ ಹಣದ ತೀರ್ಪು ಹತ್ತು ವರ್ಷ ಜಾರಿಯಲ್ಲಿರುತ್ತದೆ, ನವೀಕರಿಸಲೂ ಬರುತ್ತದೆ, ಸಂಬಳದ ಒಂದು ಪಾಲನ್ನು ಅದಕ್ಕೆ ಹಿಡಿದುಕೊಳ್ಳಬಹುದು. ಅದಕ್ಕಿಂತ ಮುಖ್ಯವಾದದ್ದೆಂದರೆ ನಮ್ಮ ತಪ್ಪಿನಿಂದ ಕೈಕಾಲು ಕಳೆದುಕೊಂಡವರ ಚಿಕಿತ್ಸೆಯ ಖರ್ಚಿಗೂ ನಮ್ಮ ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ. ಮಿತಿ ನಿರ್ಧರಿಸುವಾಗ ನಾನು ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡೆ.

ಕೊರತೆಗಳೂ ಇವೆ. ವರ್ಷಕ್ಕೆ 310 ಡಾಲರಿನ ಅಂಬ್ರೆಲಾ ಪಾಲಿಸಿ ಕೊಡಲು ಈ ಕಂಪನಿ ಮನೆಯ ಎರಡೂ ಕಾರುಗಳು ತನ್ನಲ್ಲೇ ಇರಬೇಕು, ಕಾರು ವಿಮೆಯ ಮಿತಿ 250/500/100ಕ್ಕಿಂತ ಕೆಳಗೆ ಇಳಿಯಬಾರದು ಎಂಬ ಷರತ್ತು ಹಾಕಿತು. ವಿಮೆಯಿಲ್ಲದ ಚಾಲಕ ನಮಗೆ ಗುದ್ದಿದರೆ ನಮಗಾಗುವ ಗಾಯಕ್ಕೆ ನನ್ನ ಅಂಬ್ರೆಲಾದಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ ಮೂಲ ಪಾಲಿಸಿಯಲ್ಲೇ ಪ್ರತ್ಯೇಕ ಸಾಲಿದೆ. ಬೇಡವೆಂದು ನಾವು ಬರೆದುಕೊಟ್ಟರೆ ಮಾತ್ರ ಅದನ್ನು ತೆಗೆಯುತ್ತಾರೆ, ಆದ್ದರಿಂದ ಸಹಿ ಹಾಕುವ ಮುನ್ನ ಆ ಕಾಗದವನ್ನು ಓದಬೇಕು.

ಮಗಳು ಕಾರು ಕಲಿಯತೊಡಗಿದ ಮೇಲೆ ಈ ಸಲದ ನವೀಕರಣದಲ್ಲಿ ಪ್ರೀಮಿಯಂ ಬಹಳ ಏರಿತು. ಹೊಣೆಗಾರಿಕೆಯ ಮಿತಿಯನ್ನು ಮುಟ್ಟಲಿಲ್ಲ. ಅಪಘಾತದಲ್ಲಿ ನಮ್ಮದೇ ಕಾರಿಗಾಗುವ ಹಾನಿಗೆ ನಾವು ಮೊದಲು ಕೈಯಿಂದ ಹಾಕಬೇಕಾದ ಮೊತ್ತವನ್ನು 500ರಿಂದ 1,000 ಡಾಲರಿಗೆ ಏರಿಸಿ ಏರಿಕೆಯ ಸ್ವಲ್ಪ ಭಾಗವನ್ನು ತಗ್ಗಿಸಿಕೊಂಡೆವು.